ಎಕ್ಸ್‌ರೇ ಸರಿ ಇದೆ ಅಂದರೆ ಬೀಡಿ ಸೇದಬಹುದೇ?

ಪ್ರಶ್ನೆ: ನನ್ನ ತವರು ಹೊಸನಗರ ತಾಲೂಕಿನ ಒಂದು ಹಳ್ಳಿ. ಅಪ್ಪಯ್ಯನಿಗೆ 58 ವರ್ಷ, ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಇಪ್ಪತ್ತರ ಹರೆಯದಿಂದ ಬೀಡಿ ಸೇದುತ್ತಾರೆ. ಈಗ ದಿನಕ್ಕೆ ಹತ್ತಿರ ಹತ್ತಿರ ಒಂದು ಕಟ್ಟು ಮುಗಿಯುತ್ತದೆ. ಊಟವಾದ ಮೇಲೆ ಎಲೆ ಅಡಿಕೆ, ಅದಕ್ಕೆ ಹೊಗೆಸೊಪ್ಪು ಬೇಕೇ ಬೇಕು. ಕಳೆದ ಮಳೆಗಾಲದಿಂದ ತೋಟದಿಂದ ಮನೆಗೆ ಏರು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು, ಕಫ. ಜಗಳ ಮಾಡಿ ಎಕ್ಸ್‌ರೇ ತೆಗೆಸಿದೆವು. ಏನೂ ತೊಂದರೆ ಇಲ್ಲ ಅಂದರು. ಅದೇ ನೆಪ ಸಿಕ್ಕಿತು, ಮತ್ತೆ ಶುರು. ಬೀಡಿ ಅಂದರೆ ಎಲೆ, ಸಿಗರೇಟಿನ ಹಾಗೆ ಕೆಟ್ಟದ್ದಲ್ಲ ಅನ್ನುತ್ತಾರೆ. ನಮ್ಮ ಅಜ್ಜ 85ರ ತನಕ ಸೇದಿದ್ದರಂತೆ. ಈ ಮಳೆ, ಚಳಿಗೆ ಬೀಡಿ ಇಲ್ಲದೆ ಆಗೋದಿಲ್ಲವಂತೆ. ಬೆಳಿಗ್ಗೆ ಒಂದು ಸೇದದಿದ್ದರೆ ಹೊಟ್ಟೆ ಖಾಲಿ ಆಗೋದಿಲ್ಲವಂತೆ. ಈ ವಯಸ್ಸಿನಲ್ಲಿ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಅಂತ ಯಾರೋ ಹೇಳಿದ್ದಾರೆ. ನನ್ನ ಆರು ವರ್ಷದ ಮಗ ರಜೆಗೆ ಅಲ್ಲಿಗೆ ಹೋಗಿ ಬಂದಾಗಲೆಲ್ಲ ಕೆಮ್ಮುತ್ತಾನೆ. ಇದರಲ್ಲಿ ಯಾವುದು ನಿಜ? ಈಗ ಬಿಡಿಸಿ ಪ್ರಯೋಜನ ಇದೆಯಾ? ಹೇಗೆ ಬಿಡಿಸೋದು?

ಉತ್ತರ: ಮೊದಲು ಎಕ್ಸ್‌ರೇ ವಿಷಯ ಮುಗಿಸೋಣ. ನಿಮ್ಮ ಅಪ್ಪಯ್ಯನಿಗೆ ಧೈರ್ಯ ಕೊಟ್ಟಿರುವುದೇ ಅದು.

ಎದೆಯ ಎಕ್ಸ್‌ರೇಯಲ್ಲಿ ಕಾಣುವುದು ನ್ಯುಮೋನಿಯ, ಕ್ಷಯ, ನೀರು ತುಂಬಿರುವುದು, ಸ್ವಲ್ಪ ದೊಡ್ಡದಾಗಿ ಬೆಳೆದ ಗಡ್ಡೆ, ಇಂಥವು. ಬೀಡಿಯಿಂದ ಶ್ವಾಸನಾಳಗಳು ಕಿರಿದಾಗಿರುವುದು ಅದರಲ್ಲಿ ಕಾಣುವುದಿಲ್ಲ. ಕಾಯಿಲೆ ಸಾಕಷ್ಟು ಮುಂದುವರಿದ ಮೇಲೆ ಮಾತ್ರ ಒಂದಿಷ್ಟು ಸೂಚನೆ ಸಿಗುತ್ತದೆ. ಹಾಗಾಗಿ "ಕ್ಲಿಯರ್ ಇದೆ" ಅನ್ನುವ ಮಾತಿಗೆ ಇಷ್ಟೇ ಅರ್ಥ: ಆ ಫಿಲ್ಮಿನಲ್ಲಿ ಕಾಣಬಹುದಾದ ಕಾಯಿಲೆ ಅವತ್ತು ಕಾಣಲಿಲ್ಲ. ಉಸಿರಾಟ ಸರಿಯಾಗಿದೆ ಅಂತ ಅದು ಹೇಳುವುದಿಲ್ಲ. ಉಸಿರಾಟ ಹೇಗಿದೆ ಅಂತ ಆ ಏರು ಆಗಲೇ ಹೇಳಿದೆ ಅಲ್ವಾ? ಹತ್ತಾರು ವರ್ಷ ಅದೇ ದಾರಿಯಲ್ಲಿ ಅಡಿಕೆ ಹೊತ್ತು ಹತ್ತಿದ ಮನುಷ್ಯ ಈಗ ಕೈ ಬೀಸಿಕೊಂಡು ಬರುವಾಗಲೂ ಎರಡು ಕಡೆ ನಿಲ್ಲುತ್ತಾರೆ ಅಂದರೆ ಅದು ವಯಸ್ಸಿನ ದೋಷ ಅಲ್ಲ. ಆರೋಗ್ಯವಾಗಿರುವ 58ರ ತೋಟಗಾರ ಹಾಗೆ ನಿಲ್ಲುವುದಿಲ್ಲ.

ಅವರಿಗೆ ಆಗಿರುವುದು ಬಹುಶಃ ಸಿಓಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಹಾಗೇ ಉಳಿಯುವ, ಬಹುಕಾಲದ ಶ್ವಾಸಕೋಶದ ಕಾಯಿಲೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳುವಂತಿಲ್ಲ. ಆದರೆ ಮೂವತ್ತೆಂಟು ವರ್ಷದ ಬೀಡಿ, ಬೆಳಗಿನ ಕಫ, ಏರಿನಲ್ಲಿ ದಮ್ಮು, ಈ ಮೂರು ಒಟ್ಟಿಗೆ ಇದ್ದಾಗ ನಾವು ಮೊದಲು ಅನುಮಾನ ಪಡುವುದು ಅದನ್ನೇ. ನಮ್ಮ ಕಡೆ ಇದಕ್ಕೆ ದಮ್ಮು ಅಂತಲೋ ಉಬ್ಬಸ ಅಂತಲೋ ಕರೆದು ಸುಮ್ನೆ ಇದ್ದುಬಿಡುತ್ತಾರೆ. ಉಬ್ಬಸ ಬಂದು ಹೋಗುತ್ತದೆ. ಇದು ಹಾಗಲ್ಲ, ಬಂದದ್ದು ಅಲ್ಲೇ ಉಳಿಯುತ್ತದೆ.

ಒಳಗೆ ನಡೆಯುವುದು ಇಷ್ಟು. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಧೂಳು, ಕಫವನ್ನು ಮೇಲಕ್ಕೆ ತಳ್ಳುವ ಕೆಲಸ ಅವುಗಳದ್ದು. ಹೊಗೆ ಅವನ್ನು ಮಲಗಿಸುತ್ತದೆ, ಕಫ ಜಾಸ್ತಿ ಮಾಡುತ್ತದೆ. ರಾತ್ರಿಯಿಡೀ ನಿಂತ ಕಫ ಬೆಳಿಗ್ಗೆ ಕೆಮ್ಮಾಗಿ ಹೊರಗೆ ಬರುತ್ತದೆ. ಇನ್ನೂ ಒಳಗೆ, ನಾಳಗಳ ತುದಿಯಲ್ಲಿ, ದ್ರಾಕ್ಷಿ ಗೊಂಚಲಿನ ಹಾಗೆ ಗಾಳಿಗೂಡುಗಳಿವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿ. ವರ್ಷಗಟ್ಟಲೆ ಹೊಗೆ ತಾಗಿದರೆ ಆ ಗೂಡುಗಳ ನಡುವಿನ ಗೋಡೆಗಳು ಕರಗಿಹೋಗುತ್ತವೆ. ಹೀಗೆ ಹೋದ ಗೋಡೆ ಮತ್ತೆ ಕಟ್ಟುವುದಿಲ್ಲ. ಯಾವ ಔಷಧಿಯೂ ಕಟ್ಟಿಕೊಡುವುದಿಲ್ಲ.

ಮೂವತ್ತು ದಾಟಿದ ಮೇಲೆ ಎಲ್ಲರಿಗೂ ಉಸಿರಿನ ಬಲ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್. ಹೊಗೆ ತಡೆಯದ ದೇಹವಾದರೆ ಸೇದುವವರಲ್ಲಿ ಇದರ ಎರಡು ಪಟ್ಟು ಇಳಿಯಬಹುದು. 1977ರಲ್ಲಿ ಫ್ಲೆಚರ್ ಮತ್ತು ಪೀಟೋ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ತೋರಿಸಿದ್ದು ಇದನ್ನೇ. ಅವರು ಇನ್ನೊಂದು ಮಾತನ್ನೂ ತೋರಿಸಿದರು. ಸೇದುವುದು ನಿಲ್ಲಿಸಿದರೆ ಹೋದ ಬಲ ವಾಪಸ್ ಬರುವುದಿಲ್ಲ, ಆದರೆ ಇಳಿಯುವ ವೇಗ ಸೇದದವರಷ್ಟಕ್ಕೇ ಬರುತ್ತದೆ. ನಿಮ್ಮ ಅಪ್ಪಯ್ಯನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಈಗ ಏರು ಹತ್ತುವಾಗ ನಿಲ್ಲುತ್ತಾರೆ. ಇಲ್ಲಿಗೇ ತಡೆದರೆ ಇನ್ನೂ ಎಷ್ಟೋ ವರ್ಷ ತೋಟಕ್ಕೆ ಹೋಗಿ ಬರಬಹುದು. ಸೇದುತ್ತಲೇ ಇದ್ದರೆ ಮುಂದೆ ಜಗಲಿಯಿಂದ ಬಚ್ಚಲಿಗೆ ಹೋಗುವಾಗಲೂ ನಿಲ್ಲಬೇಕಾಗುತ್ತದೆ. ಹಾಗೆ ಆದವರನ್ನು, ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡು ಕರೆಂಟು ಹೋದಾಗ ಗಾಬರಿಯಾಗುವವರನ್ನು, ನಾನು ಬೇಕಾದಷ್ಟು ನೋಡಿದ್ದೇನೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಕತೆ ನಿಮಗೆ ಹೇಳಬೇಕಾಗಿಲ್ಲ.

ಹಾಗಾಗಿ ಈಗ ಮಾಡಿಸಬೇಕಾದ ಪರೀಕ್ಷೆ ಸ್ಪೈರೋಮೆಟ್ರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಎದೆರೋಗ ವಿಭಾಗದಲ್ಲಿ ಕೇಳಿ, ಅಥವಾ ಯಾವುದೇ ಎದೆರೋಗ ತಜ್ಞರ ಹತ್ತಿರ ಹೋಗಿ. ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಕೊಳವೆಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು, ಎದೆ ತುಂಬ ಉಸಿರೆಳೆದುಕೊಂಡು, ಇದ್ದ ಬಲವನ್ನೆಲ್ಲ ಹಾಕಿ ಒಂದೇ ಸಲಕ್ಕೆ ಊದಬೇಕು. ಊದಿ ಬಿಟ್ಟುಬಿಡುವುದಲ್ಲ, ಕನಿಷ್ಠ ಆರು ಸೆಕೆಂಡು ಊದುತ್ತಲೇ ಇರಬೇಕು. ಸರಿ ಇರುವವರು ಒಳಗಿನ ಗಾಳಿಯ ಮುಕ್ಕಾಲು ಭಾಗವನ್ನು ಮೊದಲ ಸೆಕೆಂಡಿನಲ್ಲೇ ಹೊರಗೆ ಹಾಕುತ್ತಾರೆ. ನಾಳ ಕಿರಿದಾದವರಿಗೆ ಅದು ಆಗುವುದಿಲ್ಲ, ಗಾಳಿ ಎಳೆದೆಳೆದು ಬರುತ್ತದೆ. ಔಷಧಿ ಎಳೆಸಿ ಇನ್ನೊಮ್ಮೆ ಊದಿಸುತ್ತಾರೆ. ಆಗಲೂ ಮೊದಲ ಸೆಕೆಂಡಿನಲ್ಲಿ ಬಂದ ಗಾಳಿ ಒಟ್ಟು ಊದಿದ್ದರ ಶೇಕಡಾ 70 ಮುಟ್ಟದಿದ್ದರೆ ಸಿಓಪಿಡಿ ಅಂತ ಲೆಕ್ಕ. ಈ ಪರೀಕ್ಷೆ ಮಾಡುವಾಗ ನೀವೂ ಪಕ್ಕದಲ್ಲಿರಿ. ನಮ್ಮ ಬುದ್ಧಿಮಾತಿಗೆ ಬಗ್ಗದ ಎಷ್ಟೋ ಜನ, ತಾವು ಊದಿದ ಗೆರೆ ಪರದೆಯ ಮೇಲೆ ಅರ್ಧಕ್ಕೇ ಸೋತು ಇಳಿಯುವುದನ್ನು ನೋಡಿ ಮೌನವಾಗುತ್ತಾರೆ. ಅಪ್ಪಯ್ಯನಿಗೆ ಆ ಗೆರೆ ತೋರಿಸಿ ವಿವರಿಸಿ ಅಂತ ವೈದ್ಯರನ್ನು ಕೇಳಿಕೊಳ್ಳಿ.

ಅದೇ ದಿನ ಕಫ ಪರೀಕ್ಷೆಯನ್ನೂ ಮಾಡಿಸಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದವರೆಲ್ಲರಿಗೂ ಇದು ಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ. ಸೇದುವವರಿಗೆ ಕ್ಷಯ ಬರುವ ಸಾಧ್ಯತೆ ಸೇದದವರಿಗಿಂತ ಎರಡು ಪಟ್ಟಿಗೂ ಹೆಚ್ಚು. "ಬೀಡಿ ಕೆಮ್ಮು" ಅಂದುಕೊಂಡು ಕ್ಷಯವನ್ನು ತಿಂಗಳುಗಟ್ಟಲೆ ಬಿಟ್ಟವರಿದ್ದಾರೆ.

ಇನ್ನು ಬೀಡಿ ಅಂದರೆ ಬರೀ ಎಲೆ ಅನ್ನುವ ಮಾತು. ಇದು ನಿಮ್ಮ ಮನೆಯದ್ದು ಮಾತ್ರ ಅಲ್ಲ, ಇಡೀ ಮಲೆನಾಡಿನ ನಂಬಿಕೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 4ರಷ್ಟು ಜನ ಸಿಗರೇಟು ಸೇದಿದರೆ, ಬೀಡಿ ಸೇದುವವರು ಶೇಕಡಾ 7.7. ಅಂದರೆ ನಮ್ಮಲ್ಲಿ ಹೊಗೆಯ ಕಾಯಿಲೆ ಅಂದರೆ ಹೆಚ್ಚಿನ ಪಾಲು ಬೀಡಿಯ ಕಾಯಿಲೆಯೇ.

ಮುಂದಿನ ಸಲ ಅಪ್ಪಯ್ಯ ಬೀಡಿ ಹಚ್ಚುವಾಗ ಸ್ವಲ್ಪ ಗಮನಿಸಿ. ಸಿಗರೇಟಿನ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಗಾಳಿ ಆಡುತ್ತದೆ, ಕೈಯಲ್ಲಿ ಹಿಡಿದಿದ್ದರೂ ತಾನಾಗಿ ಉರಿಯುತ್ತದೆ. ಬೀಡಿಯ ತೆಂಡು ಎಲೆ ಹಾಗಲ್ಲ. ಅದರ ಮೂಲಕ ಗಾಳಿ ಹೋಗುವುದಿಲ್ಲ, ಬೆಂಕಿ ಸುಲಭಕ್ಕೆ ನಿಲ್ಲುವುದಿಲ್ಲ. ಎರಡು ನಿಮಿಷ ಮಾತಾಡುತ್ತಾ ಕೂತರೆ ಆರುತ್ತದೆ. ಆರಬಾರದು ಅಂತ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಪ್ರತಿ ಎಳೆತವೂ ಎದೆಯ ಆಳಕ್ಕೆ ಹೋಗುತ್ತದೆ. ಆರಿದ್ದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಆಮೇಲೆ ಬಚ್ಚಲ ಒಲೆಯ ಕೊಳ್ಳಿಗೆ ಹಿಡಿದು ಮತ್ತೆ ಹಚ್ಚಿಕೊಳ್ಳುತ್ತಾರೆ. ಹಾಗಾಗಿ ಒಳಗಿರುವ ತಂಬಾಕು ಸಿಗರೇಟಿನಲ್ಲಿ ಇರುವುದಕ್ಕಿಂತ ಬಹಳ ಕಡಿಮೆ ಇದ್ದರೂ, ಬೀಡಿಯ ಹೊಗೆಯಲ್ಲಿ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿನ ಹೊಗೆಗಿಂತ ದಟ್ಟವಾಗಿರುತ್ತವೆ. ಫಿಲ್ಟರ್ ಅಂತೂ ಇಲ್ಲವೇ ಇಲ್ಲ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಕನಿಷ್ಠ 69 ಕ್ಯಾನ್ಸರ್ ತರುವಂಥವು. ಕಾಗದದಲ್ಲಿ ಸುತ್ತಿದರೂ ಎಲೆಯಲ್ಲಿ ಸುತ್ತಿದರೂ ಸುಡುವುದು ಅದೇ ತಂಬಾಕು.

2008ರಲ್ಲಿ ಪ್ರಭಾತ್ ಝಾ ಮತ್ತು ಸಂಗಡಿಗರು ದೇಶದ 11 ಲಕ್ಷ ಮನೆಗಳಲ್ಲಿ ಆದ ಸಾವುಗಳನ್ನು ಆಧರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಬೀಡಿ ಸೇದುವ ಗಂಡಸರು ಸರಾಸರಿ 6 ವರ್ಷ, ಬೀಡಿ ಸೇದುವ ಹೆಂಗಸರು 8 ವರ್ಷ, ಸಿಗರೇಟು ಸೇದುವ ಗಂಡಸರು 10 ವರ್ಷ ಆಯಸ್ಸು ಕಳೆದುಕೊಳ್ಳುತ್ತಾರೆ ಅಂತ ಅದರಲ್ಲಿ ಗೊತ್ತಾಯಿತು. ಈ ಲೆಕ್ಕವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. "ನೋಡಿ, ಬೀಡಿಯೇ ವಾಸಿ" ಅಂತ ಅಪ್ಪಯ್ಯ ಹೇಳಬಹುದು. 6 ವರ್ಷ ಅಂದರೆ ಮೊಮ್ಮಗ ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿಗೆ ಬರುವಷ್ಟು ಕಾಲ. ಅದೂ ಎಲ್ಲರ ಸರಾಸರಿ. ದಿನಕ್ಕೆ ನಾಲ್ಕಾರು ಸೇದುವವರೂ ಅದರಲ್ಲಿ ಸೇರಿದ್ದಾರೆ, ಅವರಿಗೂ ಅಪಾಯ ಇತ್ತು. ದಿನಕ್ಕೊಂದು ಕಟ್ಟು ಸೇದುವವರು ಸರಾಸರಿಯನ್ನು ನಂಬಿ ಕೂರುವ ಹಾಗಿಲ್ಲ.

ಅಜ್ಜ 85ರ ತನಕ ಬದುಕಿದ್ದರು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಅಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅವರ ಜೊತೆಗೇ ಬೀಡಿ ಸೇದುತ್ತಿದ್ದು 50, 55ಕ್ಕೆ ಹೋದವರು ಯಾರ್ಯಾರು ಅಂತ ಊರಿನ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ತಂಬಾಕು ಬಿಡದವರಲ್ಲಿ ಅರ್ಧದಷ್ಟು ಜನರ ಸಾವಿಗೆ ಅದೇ ಕಾರಣವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದ ಅರ್ಧದಲ್ಲಿ ಅಜ್ಜ ಇದ್ದರು. ಆದರೆ ಮಗನ ದಮ್ಮು ಈಗಾಗಲೇ ಕಟ್ಟುತ್ತಿದೆಯಲ್ಲ, ಅಜ್ಜನ ದೇಹ ಇವರಿಗೆ ಬಂದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಚಳಿಗೆ ಬೀಡಿ ಬೇಕು ಅನ್ನುವುದು ನಿಜಕ್ಕೂ ತಿರುಗುಮುರುಗು. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೀಡಿ ಸೇದಿದಾಗ ಬೆರಳಿಗೆ ಹೋಗುವ ರಕ್ತ ಕಡಿಮೆಯಾಗಿ ಬೆರಳು ಇನ್ನೂ ತಣ್ಣಗಾಗುತ್ತದೆ. ಬೆಚ್ಚಗೆ ಅನ್ನಿಸುವುದು ಬೆಂಕಿಯ ಹತ್ತಿರ ಕೂತದ್ದಕ್ಕೆ, ಮತ್ತೆ ನಿಕೋಟಿನ್ ಸಿಕ್ಕಿ ಚಡಪಡಿಕೆ ನಿಂತದ್ದಕ್ಕೆ. ಕಾಲಿನ ರಕ್ತನಾಳಗಳಿಗೂ ಇದೇ ಗತಿ. ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದೆ ಅಂತಾದರೆ ಅದನ್ನು ಸುಮ್ನೆ ನರದ ಸೆಳೆತ ಅಂದುಕೊಳ್ಳಬೇಡಿ. ಬರ್ಜರ್ ಕಾಯಿಲೆ ಅಂತ ಒಂದಿದೆ. ಸಾಮಾನ್ಯವಾಗಿ ಐವತ್ತರೊಳಗಿನ, ತಂಬಾಕು ಬಳಸುವ ಗಂಡಸರಿಗೆ ಬರುತ್ತದೆ. ಕಾಲ್ಬೆರಳು ಕಪ್ಪಾಗಿ, ಕೊಳೆತು, ಕತ್ತರಿಸುವ ಹಂತಕ್ಕೆ ಹೋಗುತ್ತದೆ. ತಂಬಾಕು ಪೂರ್ತಿ ಬಿಟ್ಟರೆ ಮಾತ್ರ ಅದು ನಿಲ್ಲುತ್ತದೆ.

ಹೃದಯದ ವಿಷಯಕ್ಕೆ ಬಂದರೆ, "ಕಡಿಮೆ ಮಾಡಿದ್ದೇನೆ ಡಾಕ್ಟ್ರೇ, ಈಗ ಮೂರೇ" ಅನ್ನುವವರಿಗೆ ಒಂದು ಮಾತು. 2018ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸಿಗರೇಟು ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ದಿನಕ್ಕೆ ಒಂದೇ ಸೇದುವವರಿಗೂ ಅದರ ಅರ್ಧದಷ್ಟು ಏರುತ್ತದೆ. ಹೃದಯಕ್ಕೆ "ಸ್ವಲ್ಪ" ಅನ್ನುವುದು ಇಲ್ಲ. ಕಡಿಮೆ ಮಾಡುವುದು ಬಿಡುವ ದಾರಿಯಲ್ಲಿ ಒಂದು ಮೆಟ್ಟಿಲಾದರೆ ಸರಿ, ಅಲ್ಲೇ ನಿಲ್ಲುವುದಾದರೆ ಉಪಯೋಗ ಬಹಳ ಕಡಿಮೆ.

ಹೊಗೆಸೊಪ್ಪಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ತರುತ್ತದೆ. ಬೀಡಿಯೂ ತರುತ್ತದೆ. ಎರಡೂ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿತು. ಅಡಿಕೆಯೇ ಅನ್ನ ಕೊಡುವ ಊರಿನಲ್ಲಿ ಈ ಮಾತು ಹೇಳುವುದು ಕಷ್ಟ, ಕೇಳುವುದು ಇನ್ನೂ ಕಷ್ಟ. ಆದರೆ ಬಾಯಿಯ ಹುಣ್ಣು ತೋರಿಸಲು ಬರುವ ನಮ್ಮ ಜನರನ್ನು ನೋಡಿದ ಮೇಲೆ ನಾನು ಸುಮ್ಮನಿರಲಾರೆ. ಅಪ್ಪಯ್ಯನನ್ನು ಬಿಸಿಲಿನಲ್ಲಿ ಕೂರಿಸಿ ಬಾಯಿ ತೆರೆಸಿ ನೋಡಿ. ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತದೆ ಅಂದರೆ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು-ಮೂರು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ದಂತವೈದ್ಯರಿಗೆ ತೋರಿಸಿ.

ಇನ್ನು 58ಕ್ಕೆ ಬಿಟ್ಟು ಏನು ಪ್ರಯೋಜನ ಅನ್ನುವ ಪ್ರಶ್ನೆ. ಇದಕ್ಕೆ ಬಹಳ ಗಟ್ಟಿಯಾದ ಉತ್ತರ ಇದೆ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ 34 ಸಾವಿರಕ್ಕೂ ಹೆಚ್ಚು ಗಂಡು ವೈದ್ಯರ ಸೇದುವ ಅಭ್ಯಾಸವನ್ನು ಬರೆದಿಟ್ಟುಕೊಂಡರು. 50 ವರ್ಷ ಅವರ ಬೆನ್ನುಹತ್ತಿದ ಆ ಅಧ್ಯಯನದ ಫಲ 2004ರಲ್ಲಿ ಬಂತು. ಸಿಗರೇಟು ಬಿಡದವರು ಸುಮಾರು 10 ವರ್ಷ ಬೇಗ ಸತ್ತರು. 30ಕ್ಕೆ ಬಿಟ್ಟವರು ಹೆಚ್ಚು ಕಡಿಮೆ ಆ ಹತ್ತೂ ವರ್ಷ ಉಳಿಸಿಕೊಂಡರು. 40ಕ್ಕೆ ಬಿಟ್ಟವರು 9, 50ಕ್ಕೆ ಬಿಟ್ಟವರು 6, 60ಕ್ಕೆ ಬಿಟ್ಟವರೂ 3 ವರ್ಷ ಗಳಿಸಿದರು. ಬಿಟ್ಟ ದಿನವೇ ಲಾಭ ಶುರುವಾಗುತ್ತದೆ. ಒಂದು ದಿನದೊಳಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿದು, ಆಮ್ಲಜನಕಕ್ಕೆ ಜಾಗ ಆಗುತ್ತದೆ. ಕೆಲವು ತಿಂಗಳಲ್ಲಿ ಕೆಮ್ಮು, ಕಫ ಕಡಿಮೆಯಾಗುತ್ತದೆ. ಒಂದು ವರ್ಷಕ್ಕೆ, ಸೇದಿದ್ದರಿಂದ ಹೃದಯಕ್ಕೆ ಬಂದಿದ್ದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅರ್ಧಕ್ಕೆ ಬರಲು ಸುಮಾರು 10 ವರ್ಷ ಬೇಕು, ಅದಕ್ಕೇ ಇನ್ನೂ ಕಾಯುತ್ತಾ ಕೂರಬಾರದು.

ಒಮ್ಮೆಲೇ ಬಿಟ್ಟರೆ ಜೀವಕ್ಕೆ ಅಪಾಯ ಅನ್ನುವುದು ಪೂರ್ತಿ ಸುಳ್ಳು. ದಿನವೂ ಜಾಸ್ತಿ ಕುಡಿಯುವವರು ಹೆಂಡವನ್ನು ತಟ್ಟನೆ ನಿಲ್ಲಿಸಿದರೆ ತೊಂದರೆ ಆಗಬಹುದು, ಆ ಭಯವನ್ನು ಬೀಡಿಗೂ ಅಂಟಿಸಿದ್ದಾರೆ. ಬೀಡಿ ಬಿಟ್ಟರೆ ಕಷ್ಟ ಆಗುತ್ತದೆ, ಅಪಾಯ ಆಗುವುದಿಲ್ಲ. ಸಿಟ್ಟು, ಚಡಪಡಿಕೆ, ನಿದ್ದೆ ಬಾರದಿರುವುದು, ತಲೆನೋವು, ಜಾಸ್ತಿ ಹಸಿವು, ಇವು ಮೊದಲ ಎರಡು-ಮೂರು ದಿನ ಜೋರಾಗಿರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಆ ದಿನಗಳಲ್ಲಿ ಮನೆಯವರ ಮೇಲೆ ರೇಗುತ್ತಾರೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ, "ಇದಕ್ಕಿಂತ ಸೇದುವುದೇ ವಾಸಿ" ಅಂತ ಅವರ ಬಾಯಲ್ಲಿ ಬರಬಾರದು.

ಹೊಟ್ಟೆಯ ವಿಷಯದಲ್ಲಿ ಅಪ್ಪಯ್ಯ ಸುಳ್ಳು ಹೇಳುತ್ತಿಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಬಿಟ್ಟಾಗ ಕೆಲವು ವಾರ ಮಲಬದ್ಧತೆ ಆಗುವುದು ಸಹಜ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಒಂದು ಬಾಳೆಹಣ್ಣು, ಊಟದಲ್ಲಿ ಸೊಪ್ಪು, ಬೇಕಾದರೆ ರಾತ್ರಿ ಇಸಬ್ಗೋಲ್. ಕರುಳು ಬೀಡಿ ಇಲ್ಲದೆ ಕೆಲಸ ಮಾಡುವುದನ್ನು ಮತ್ತೆ ಕಲಿಯುತ್ತದೆ. ಕಾಫಿಯ ಬಗ್ಗೆಯೂ ಎಚ್ಚರ ಬೇಕು. ಹೊಗೆಯಲ್ಲಿರುವ ಕೆಲವು ಅಂಶಗಳು ದೇಹದಿಂದ ಕೆಫೀನನ್ನು ಬೇಗ ಹೊರಹಾಕಿಸುತ್ತವೆ. ಸೇದುವುದು ನಿಂತರೆ ಅದೇ ಎರಡು ಲೋಟ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು ಬೀಡಿ ಬಿಟ್ಟದ್ದರಿಂದ ಅಂದುಕೊಳ್ಳುತ್ತಾರೆ, ಅರ್ಧ ಪಾಲು ಕಾಫಿಯದ್ದು. ಬಿಡುವ ದಿನದಿಂದಲೇ ಕಾಫಿ ಅರ್ಧ ಮಾಡಿ. ಅವರು ದಮ್ಮಿಗೆ ಥಿಯೋಫಿಲಿನ್ ಸೇರಿದ ಮಾತ್ರೆ ತಗೊಳ್ಳುತ್ತಿದ್ದರೆ ಅದಕ್ಕೂ ಇದೇ ಲೆಕ್ಕ. ಬೀಡಿ ಬಿಡುತ್ತಿದ್ದೇವೆ ಅಂತ ವೈದ್ಯರಿಗೆ ತಿಳಿಸಿ, ಪ್ರಮಾಣ ಕಡಿಮೆ ಮಾಡಬೇಕಾಗಬಹುದು.

ಬರೀ ಮನಸ್ಸು ಗಟ್ಟಿ ಮಾಡಿಕೊಂಡು ಬಿಡುವವರಿದ್ದಾರೆ. ಆದರೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ಔಷಧಿಯ ಆಸರೆ ಬೇಕು. ಅದು ಸೋಲಲ್ಲ. ನಿಕೋಟಿನ್ ಚ್ಯೂಯಿಂಗ್ ಗಮ್ 2 ಮಿಲಿಗ್ರಾಂ, 4 ಮಿಲಿಗ್ರಾಂ ಅಂತ ಸಿಗುತ್ತದೆ. ಇವರಿಗೆ 4 ಬೇಕಾಗಬಹುದು, ವೈದ್ಯರಿಂದ ಬರೆಸಿಕೊಳ್ಳಿ. ನಮ್ಮ ಕಡೆಯವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಎಲೆ ಅಡಿಕೆ ಜಗಿದ ಅಭ್ಯಾಸದಲ್ಲಿ ಗಮ್ಮನ್ನೂ ಹಾಗೇ ಜಗಿದು ರಸ ನುಂಗುತ್ತಾರೆ, ಇಲ್ಲವೇ ಉಗಿಯುತ್ತಾರೆ. ನುಂಗಿದರೆ ಬಿಕ್ಕಳಿಕೆ, ಎದೆಯುರಿ. ಉಗಿದರೆ ಔಷಧಿ ಹೋಯಿತು. ಅದನ್ನು ನಿಧಾನಕ್ಕೆ ಹತ್ತು-ಹದಿನೈದು ಸಲ ಅಗಿಯಬೇಕು. ಮೆಣಸಿನಕಾಳಿನ ಖಾರದಂಥ ರುಚಿ ಬಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ನಾಲ್ಕು ಸಲ ಅಗಿದು ಜಾಗ ಬದಲಿಸಬೇಕು. ಹೀಗೆ ಅರ್ಧ ಗಂಟೆ. ಕಾಫಿ, ಮಜ್ಜಿಗೆ, ನಿಂಬೆ ಪಾನಕ ಕುಡಿದ ಕಾಲು ಗಂಟೆಯೊಳಗೆ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಒಳಗೆ ಸೇರುವುದಿಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಕಡಿಮೆ ಮಾಡುತ್ತಾ ಮೂರು ತಿಂಗಳಿಗೆ ನಿಲ್ಲಿಸಬಹುದು. ಕಟ್ಟಿಸಿದ ಹಲ್ಲು ಇದ್ದರೆ ಗಮ್ ಅಂಟುತ್ತದೆ, ಆಗ ಚರ್ಮಕ್ಕೆ ಹಚ್ಚುವ ಪಟ್ಟಿ ಒಳ್ಳೆಯದು. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ವೈದ್ಯರು ನೋಡಿ ಕೊಡಬೇಕು. ಮೂರ್ಛೆ ರೋಗ ಇದ್ದವರಿಗೆ ಬುಪ್ರೊಪಿಯಾನ್ ಆಗುವುದಿಲ್ಲ. ಬೀಡಿ ಬಿಟ್ಟು ಹೊಗೆಸೊಪ್ಪು ಎರಡು ಪಟ್ಟು ಮಾಡಿಕೊಳ್ಳುವವರು ಬಹಳ. ಹಾಗಾಗಿ ಎರಡನ್ನೂ ಒಂದೇ ದಿನ ಬಿಡಲಿ. ಗಮ್ ಎರಡಕ್ಕೂ ಆಸರೆ.

ದಿನ ಗೊತ್ತುಮಾಡುವಾಗ ಅಡಿಕೆ ಸುಗ್ಗಿ ಬೇಡ. ಕೊನೆ ಕೊಯ್ಲು, ಸುಲಿಯುವವರ ಗುಂಪು, ಬೇಯಿಸುವ ಹಂಡೆಯ ಮುಂದೆ ರಾತ್ರಿಯ ಕೆಲಸ, ಸುತ್ತ ಎಲ್ಲರ ಕೈಯಲ್ಲೂ ಬೀಡಿ. ಆಗ ಶುರು ಮಾಡಿದರೆ ನಿಲ್ಲುವುದು ಕಷ್ಟ. ಸುಗ್ಗಿಗೆ ಎರಡು ತಿಂಗಳು ಮೊದಲೋ, ಮುಗಿದ ಮೇಲೋ ಇಟ್ಟುಕೊಳ್ಳಿ. ಈಗ ಸುಗ್ಗಿ ದೂರ ಇದ್ದರೆ ಕಾಯಬೇಡಿ, ಮುಂದಿನ ವಾರವೇ ಸಾಕು. ಹಿಂದಿನ ರಾತ್ರಿ ಕಟ್ಟು, ಬೆಂಕಿಪೆಟ್ಟಿಗೆ, ಮಾಡಿನ ಸಂದಿಯಲ್ಲಿ ಸಿಕ್ಕಿಸಿದ ತುಂಡು ಎಲ್ಲವನ್ನೂ ಅವರೇ ಒಲೆಗೆ ಹಾಕಲಿ, ನೀವು ಕಸಿದು ಹಾಕಬೇಡಿ. ಬೀಡಿ ಬೇಕೆನ್ನಿಸುವ ಆ ಸೆಳೆತ ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ ಮಾತ್ರ ಇರುತ್ತದೆ. ಆ ಹತ್ತು ನಿಮಿಷಕ್ಕೆ ಕೈಗೊಂದು ಕೆಲಸ ಬೇಕು. ಲವಂಗ, ಏಲಕ್ಕಿ ಬಾಯಿಗೆ ಹಾಕಿಕೊಳ್ಳಲಿ. 1800-11-2356 ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದ್ದು ಕನ್ನಡದಲ್ಲೇ ಮಾತಾಡುತ್ತಾರೆ. ಮಗಳ ಮಾತು ಕೇಳದವರು ಹೊರಗಿನವರ ಮಾತು ಕೇಳುವುದುಂಟು.

ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು ಜಾಸ್ತಿ ಆಗಬಹುದು. ಮಲಗಿದ್ದ ರೋಮಗಳು ಎದ್ದು ಕಫ ತಳ್ಳಲು ಶುರು ಮಾಡಿದ್ದು ಅದಕ್ಕೆ ಕಾರಣ. "ಬಿಟ್ಟ ಮೇಲೇ ಕೆಮ್ಮು ಹೆಚ್ಚಾಯ್ತು" ಅಂತ ಇಲ್ಲೇ ಎಷ್ಟೋ ಜನ ಮತ್ತೆ ಹಚ್ಚುತ್ತಾರೆ. ಮುಂಚೆಯೇ ಹೇಳಿಟ್ಟರೆ ತಡೆದುಕೊಳ್ಳುತ್ತಾರೆ. ನಡುವೆ ಒಂದು ದಿನ ಜಾರಿದರೆ ಬೈಯಬೇಡಿ. ಬಹಳ ಜನ ಪೂರ್ತಿ ಬಿಡುವ ಮೊದಲು ಒಂದೆರಡು ಸಲ ಜಾರುತ್ತಾರೆ, ಮಾರನೇ ದಿನ ಮತ್ತೆ ಶುರು ಮಾಡಿದರಾಯಿತು.

ಮಗನ ಕೆಮ್ಮಿನ ಬಗ್ಗೆ ನಿಮ್ಮ ಅನುಮಾನ ಸರಿಯಾಗಿಯೇ ಇರಬಹುದು. ಪಕ್ಕದವರ ಹೊಗೆಯಿಂದ ಮಕ್ಕಳಿಗೆ ಕೆಮ್ಮು, ಉಬ್ಬಸ, ಕಿವಿ ಸೋರುವುದು ಜಾಸ್ತಿ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿರುತ್ತದೆ, ಹೊಗೆ ಒಳಗೇ ಸುತ್ತುತ್ತದೆ. ಬಿಡುವ ತನಕ ಮನೆಯ ಒಳಗೆ, ಜಗಲಿಯಲ್ಲಿ ಕೂಡ ಸೇದುವುದಿಲ್ಲ ಅಂತ ಒಂದು ಮಾತು ತಗೊಳ್ಳಿ. ಮೊಮ್ಮಗನಿಗಾಗಿ ಕೇಳಿದರೆ ಅಜ್ಜಂದಿರು ಇಲ್ಲ ಅನ್ನುವುದು ಕಡಿಮೆ. ಕಟ್ಟಿಗೆ ಒಲೆಯ ಹೊಗೆಯೂ ಸಿಓಪಿಡಿ ತರುತ್ತದೆ. ಅಮ್ಮ ಈಗಲೂ ಸೌದೆಯಲ್ಲೇ ಅಡುಗೆ ಮಾಡುತ್ತಿದ್ದು ಅವರಿಗೂ ದಮ್ಮು ಇದ್ದರೆ, ಅಪ್ಪಯ್ಯನ ಜೊತೆ ಅವರಿಗೂ ಸ್ಪೈರೋಮೆಟ್ರಿ ಮಾಡಿಸಿ. ಬೀಡಿ ಮುಟ್ಟದವರು ಅಂತ ಅವರನ್ನು ಬಿಟ್ಟುಬಿಡಬೇಡಿ.

ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಮೂರು ವಾರ ದಾಟಿದ ಸ್ವರದ ಗೊಗ್ಗರು, ನುಂಗಲು ಕಷ್ಟ, ಇವುಗಳಲ್ಲಿ ಯಾವುದೇ ಕಂಡರೂ ಎಕ್ಸ್‌ರೇ ಹಳೆಯದು ಸರಿ ಇತ್ತು ಅಂತ ಕೂರಬೇಡಿ, ಆ ವಾರದಲ್ಲೇ ತೋರಿಸಿ. ಎದೆ ಬಿಗಿದು ಬೆವರು ಬಂದರೆ, ತುಟಿ ನೀಲಿಯಾದರೆ, ಕೂತಲ್ಲೇ ದಮ್ಮು ಕಟ್ಟಿದರೆ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಸಿಓಪಿಡಿ ಅಂತಾದರೆ ಇನ್ಹೇಲರ್ ಕೊಡುತ್ತಾರೆ. ಅಭ್ಯಾಸ ಆಗಿಬಿಡುತ್ತದೆ ಅಂತ ಹೆದರಬೇಡಿ, ಅದು ಚಟ ಹಿಡಿಸುವ ಔಷಧಿ ಅಲ್ಲ. ಎಳೆಯುವ ಕ್ರಮವನ್ನು ಆಸ್ಪತ್ರೆಯಲ್ಲೇ ಮಾಡಿ ತೋರಿಸಿ ಅಂತ ಹೇಳಿ. ಫ್ಲೂ ಮತ್ತು ನ್ಯುಮೋನಿಯ ಲಸಿಕೆಗಳ ಬಗ್ಗೆಯೂ ಅಲ್ಲೇ ಕೇಳಿ. ಸ್ಪೈರೋಮೆಟ್ರಿಯ ವರದಿ ಬಂದ ಮೇಲೆ ಅದರಲ್ಲಿರುವ ಅಂಕಿಗಳನ್ನೂ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಬರೆದು ಕಳಿಸಿ. ಅದನ್ನು ನೋಡಿ ಮುಂದಿನದ್ದು ಹೇಳುತ್ತೇನೆ.